ಸಂವಿಧಾನ ಬರೆದವರು ಎಣಿಸಿದ್ದೇನು, ಈಗ ನಡೆಯುತ್ತಿರುವುದೇನು: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಪಂಚಾಯಿತಿ ಸದಸ್ಯರು, ಪದವಿ ತರಗತಿಯವರು, ಅರಣ್ಯ ಹಕ್ಕಿನ ಅರ್ಜಿ ಹಿಡಿದು ಕಚೇರಿ ಸುತ್ತುವವರು ಹೀಗೆ ಶಿವಮೊಗ್ಗ ಜಿಲ್ಲೆಯಲ್ಲಿ ಸಂವಿಧಾನದ ಮಾತು ಬಂದಾಗ ಏಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಉತ್ತರಗಳ ಉದ್ದ ಒಂದೇ ಸಮ ಇಲ್ಲ. ಪಂಚಾಯಿತಿ, ಕಾಡು, ಜಮೀನಿಗೆ ಜಾಗ ಹೆಚ್ಚು ಕೊಟ್ಟಿದ್ದೇವೆ, ಇಲ್ಲಿಯ ಜನ ಎಡವುವುದು ಅಲ್ಲೇ.

ಸಂವಿಧಾನ ಬರೆದವರು ಅಂದರೆ ಅಂಬೇಡ್ಕರ್ ಅವರೊಬ್ಬರೇ ಅಲ್ಲವಾ?

ಕರಡು ಸಮಿತಿಯ ಅಧ್ಯಕ್ಷರು ಅವರು. ಸದನದಲ್ಲಿ ಒಂದೊಂದು ವಿಧಿಯನ್ನೂ ಸಮರ್ಥಿಸಿ ದಡ ಮುಟ್ಟಿಸಿದವರೂ ಅವರೇ. ಆದರೆ ತೀರ್ಮಾನ ಸಂವಿಧಾನ ಸಭೆಯದ್ದು. 1946ರ ಡಿಸೆಂಬರ್ 9ಕ್ಕೆ ಮೊದಲ ಬಾರಿ ಸೇರಿದ ಸಭೆ 1949ರ ನವೆಂಬರ್ 26ಕ್ಕೆ ಸಂವಿಧಾನವನ್ನು ಅಂಗೀಕರಿಸಿತು. ಕರಡಿಗೆ ಬಂದ ತಿದ್ದುಪಡಿ ಸೂಚನೆಗಳು 7,635. ಅವುಗಳಲ್ಲಿ ಸದನದಲ್ಲಿ ಮಂಡನೆಯಾದವು 2,473. ಕರಡು ಸಮಿತಿಯ ಕರಡಿಗೂ ಮೊದಲೇ ಮೂಲ ಕರಡನ್ನು ಸಿದ್ಧಮಾಡಿಕೊಟ್ಟವರು ಸಭೆಯ ಸಲಹೆಗಾರರಾಗಿದ್ದ ಮಂಗಳೂರು ಮೂಲದ ಬಿ.ಎನ್. ರಾವ್.

ಮೈಸೂರು ಸಂಸ್ಥಾನದಿಂದ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ಧಲಿಂಗಯ್ಯ ಮೊದಲಾದವರು ಅಲ್ಲಿದ್ದರು. ಮುಂದೆ 1962ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿಬಂದು ಉಪಸಭಾಧ್ಯಕ್ಷರಾದ ಎಸ್.ವಿ. ಕೃಷ್ಣಮೂರ್ತಿ ರಾವ್ ಅವರೂ ಆ ಸಭೆಯ ಸದಸ್ಯರೇ. ಎಲ್ಲರದೂ ಒಂದೇ ರಾಗವಾಗಿರಲಿಲ್ಲ. ನಮಗೆ ಬೇಕಿದ್ದದ್ದು ವೀಣೆ, ಸಿತಾರಿನ ನಾದ, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡು ಎಂದು ಹನುಮಂತಯ್ಯನವರು ಕೊನೆಯ ಹಂತದ ಚರ್ಚೆಯಲ್ಲಿ ಸದನದಲ್ಲೇ ಹೇಳಿಬಿಟ್ಟರು. ಹಾಗಾಗಿ ಯಾರಾದರೂ "ಸಂವಿಧಾನ ಕರ್ತೃಗಳ ಆಶಯ" ಎಂದು ಶುರುಮಾಡಿದರೆ ಯಾರ ಆಶಯ, ಯಾವ ದಿನದ ಚರ್ಚೆ, ಮತಕ್ಕೆ ಹಾಕಿದಾಗ ಗೆದ್ದಿತೋ ಸೋತಿತೋ ಎಂದು ಕೇಳಿ.

ಒಟ್ಟಾರೆ ಎಷ್ಟು ಬದಲಾಗಿದೆ?

ಗಡುವು ಹಾಕಿ, ಅಂಕಿ ಹಾಕಿ ಬರೆದದ್ದು ಬಹುಪಾಲು ನಿಂತಿದೆ. ಆಡುವವರ ವಿವೇಕಕ್ಕೆ ಬಿಟ್ಟದ್ದು ಜಾರಿದೆ. ವಿಧಾನಸಭೆಗೆ ಐದು ವರ್ಷ ಎಂದು ಬರೆದರು, ಚುನಾವಣೆ ನಡೆಯುತ್ತಿದೆ. ಹಣಕಾಸು ಆಯೋಗಕ್ಕೂ ಐದು ವರ್ಷ ಎಂದರು, ಅದೂ ನಡೆದುಕೊಂಡು ಬಂದಿದೆ. ಆದರೆ ರಾಜ್ಯಪಾಲರು ಮಸೂದೆಯನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು, ಪಕ್ಷಾಂತರದ ದೂರನ್ನು ಸ್ಪೀಕರ್ ಎಷ್ಟು ದಿನದಲ್ಲಿ ತೀರ್ಮಾನಿಸಬೇಕು, ಸದನ ವರ್ಷಕ್ಕೆ ಎಷ್ಟು ದಿನ ಕೂರಬೇಕು, ಇಂಥವಕ್ಕೆ ಅಂಕಿಯೇ ಇಲ್ಲ. ಕೆಳಗಿನ ಬಹುತೇಕ ಉತ್ತರಗಳು ಈ ಒಂದು ವ್ಯತ್ಯಾಸದ ಸುತ್ತಲೇ ತಿರುಗುತ್ತವೆ. ಇದಕ್ಕೆ ಅಪವಾದಗಳೂ ಉಂಟು. ಪಂಚಾಯಿತಿ ಚುನಾವಣೆ ಅವುಗಳಲ್ಲಿ ದೊಡ್ಡದು.

ಗ್ರಾಮ ಸ್ವರಾಜ್ಯವೇ ಸಂವಿಧಾನದ ಬುನಾದಿ ಎಂದು ಭಾಷಣಗಳಲ್ಲಿ ಹೇಳುತ್ತಾರಲ್ಲ?

ಮೂಲ ಕರಡಿನಲ್ಲಿ ಪಂಚಾಯಿತಿ ಎಂಬ ಸೊಲ್ಲೇ ಇರಲಿಲ್ಲ. 1948ರ ನವೆಂಬರ್ 4ರಂದು ಕರಡು ಮಂಡಿಸುತ್ತಾ ಅಂಬೇಡ್ಕರ್ ಅವರು, ಹಳ್ಳಿ ಎಂದರೆ ಸಂಕುಚಿತ ಬುದ್ಧಿ, ಅಜ್ಞಾನ, ಜಾತಿಮತದ ಕೂಪ, ಆದ್ದರಿಂದ ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡಿದ್ದು ಒಳ್ಳೆಯದೇ ಆಯಿತು ಎಂಬರ್ಥದಲ್ಲಿ ಮಾತಾಡಿದರು. ಗಾಂಧಿ ಪ್ರಭಾವದ ಸದಸ್ಯರಿಗೆ ಇದು ಸಹಿಸಲಾಗಲಿಲ್ಲ. ಸರ್ಕಾರ ಗ್ರಾಮ ಪಂಚಾಯಿತಿಗಳನ್ನು ಕಟ್ಟಬೇಕು ಎಂದು ನವೆಂಬರ್ 22ರಂದು ಕೆ. ಸಂತಾನಂ ತಂದ ತಿದ್ದುಪಡಿಯನ್ನು ಅಂಬೇಡ್ಕರ್ ತಕರಾರಿಲ್ಲದೆ ಒಪ್ಪಿಕೊಂಡರು. ಇವತ್ತಿನ 40ನೇ ವಿಧಿ ಅದೇ. ಅದು ನಿರ್ದೇಶಕ ತತ್ವಗಳ ಪೈಕಿ ಒಂದು, ಸರ್ಕಾರ ಮಾಡದಿದ್ದರೆ ಕೋರ್ಟಿಗೆ ಹೋಗಲು ಬರುವುದಿಲ್ಲ.

ಹೀಗಾಗಿ ಮೊದಲ ನಾಲ್ಕು ದಶಕ ಪಂಚಾಯಿತಿ ಇರಬೇಕೋ ಬೇಡವೋ ಎಂಬುದು ರಾಜ್ಯ ಸರ್ಕಾರದ ಮರ್ಜಿಯಾಗಿತ್ತು. ಕರ್ನಾಟಕ ಆ ಮಟ್ಟಿಗೆ ಮುಂದಿತ್ತು. 1983ರ ಕಾಯ್ದೆಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಬಂದವು. ಮಹಿಳೆಯರಿಗೆ ಶೇ 25 ಮೀಸಲಾತಿ ಬಂತು. 1987ರಲ್ಲಿ ಚುನಾವಣೆಯೂ ಆಯಿತು. ನೀರ್ ಸಾಬ್ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಆಗ ಪಂಚಾಯತ್ ರಾಜ್ ಸಚಿವರು. ಪಂಚಾಯಿತಿಯನ್ನು ಕಡ್ಡಾಯ ಮಾಡಿ ದೇಶಕ್ಕೆಲ್ಲ ಅನ್ವಯಿಸುವ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ಕ್ಕೆ. ಅದರಲ್ಲೂ ಒಂದು ಕಿಂಡಿ ಇದೆ. ಹನ್ನೊಂದನೇ ಅನುಸೂಚಿಯ 29 ವಿಷಯಗಳನ್ನು ರಾಜ್ಯ ಪಂಚಾಯಿತಿಗೆ ಕೊಡಲೇಬೇಕು ಎಂದಿಲ್ಲ, ಕೊಡಬಹುದು ಎಂದಿದೆ. ಕುಡಿಯುವ ನೀರು ಪಂಚಾಯಿತಿಯ ಪಾಲಿಗಿದ್ದರೂ ಯೋಜನೆ, ಟೆಂಡರು, ಎಂಜಿನಿಯರು ಬೇರೆ ಇಲಾಖೆಯವರಾಗಿರುವುದು ಈ "ಬಹುದು" ಒಳಗಿಂದಲೇ.

ಅಂಬೇಡ್ಕರ್ ಅವರ ಅನುಮಾನ ಹಳತಾಯಿತು ಎನ್ನಲು ನಮಗೆ ಧೈರ್ಯ ಸಾಲದು. ಗ್ರಾಮಸಭೆ ಎಲ್ಲಿ ಕರೆದಿದ್ದಾರೆ ನೋಡಿ. ಊರಿನ ಒಂದು ಕೇರಿಯವರು ಹೊರಗೇ ನಿಲ್ಲುವಂಥ ದೇವಸ್ಥಾನದ ಚಂದ್ರಶಾಲೆಯಲ್ಲಿ (ಹಜಾರದಲ್ಲಿ) ಕರೆದಿದ್ದರೆ ಅಂಬೇಡ್ಕರ್ ಮಾತು ಇನ್ನೂ ಮುಗಿದಿಲ್ಲ ಎಂದೇ ಅರ್ಥ. ಶಾಲೆ, ಸಮುದಾಯ ಭವನದಂಥ ಜಾಗಕ್ಕೆ ಬದಲಿಸಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಮೊದಲೇ ಬರೆದುಕೊಡಿ.

ಗ್ರಾಮಸಭೆಗೆ ನಿಜವಾಗಿ ಎಷ್ಟು ಜನ ಬೇಕು? ನಮ್ಮಲ್ಲಿ ಇಪ್ಪತ್ತು ಜನರಲ್ಲೇ ಮುಗಿಸುತ್ತಾರೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆಗಳು ಆಗಿರಬೇಕು. ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ವಾರ್ಡ್ ಸಭೆಗೆ ಹತ್ತನೇ ಒಂದು ಭಾಗ ಅಥವಾ 20 ಜನ. ಇಪ್ಪತ್ತರಲ್ಲಿ ಮುಗಿಸುವವರು ಹೆಚ್ಚಾಗಿ ವಾರ್ಡ್ ಸಭೆಯ ಲೆಕ್ಕವನ್ನು ಗ್ರಾಮಸಭೆಗೆ ಹಚ್ಚುತ್ತಿರುತ್ತಾರೆ.

ಮಲೆನಾಡಿನ ತೊಂದರೆ ಬೇರೆ ಥರದ್ದು. ಬಯಲುಸೀಮೆಯ ಹಾಗೆ ಇಲ್ಲಿ ಊರು ಒಂದೆಡೆ ಗುಂಪಾಗಿಲ್ಲ. ಒಂಟಿ ಮನೆಗಳು, ಮಜಿರೆಗಳು (ನಾಲ್ಕಾರು ಮನೆಗಳ ಪುಟ್ಟ ಊರುಗಳು), ನಡುವೆ ಹಳ್ಳ, ಕಾಡು. ಇದನ್ನು ನೋಡಿಯೇ 5,000ದಿಂದ 7,000 ಜನಸಂಖ್ಯೆಗೆ ಒಂದು ಪಂಚಾಯಿತಿ ಎಂಬ ನಿಯಮವನ್ನು ಮಲೆನಾಡಿನ ಜಿಲ್ಲೆಗಳಿಗೆ ಸಡಿಲಿಸಿ 2,500ಕ್ಕೂ ಅವಕಾಶ ಕೊಟ್ಟಿದ್ದಾರೆ. ಅಷ್ಟಾದರೂ ಜುಲೈ ಮಳೆಯಲ್ಲಿ ಅಥವಾ ಅಡಿಕೆ ಕೊಯ್ಲಿನ ಹೊತ್ತಿಗೆ ಸಭೆ ಕರೆದರೆ ನೂರು ಜನ ಸೇರುವುದು ಕಷ್ಟ. ಸೇರದಿದ್ದಾಗ ಆಗುವ ಕೆಲಸ ಗೊತ್ತಿರುವುದೇ, ಹಾಜರಿ ಪುಸ್ತಕ ಮರುದಿನ ಮನೆಮನೆ ತಿರುಗುತ್ತದೆ. ಇದನ್ನು ತಡೆಯಬೇಕೆಂದಿದ್ದರೆ ಸಭೆ ಮುಗಿದ ಕೂಡಲೇ, ಎಲ್ಲರೂ ಏಳುವ ಮುನ್ನ, ಕೊನೆಯ ಸಹಿಯ ಕೆಳಗೆ ಗೆರೆ ಎಳೆಸಿ ಒಟ್ಟು ಸಂಖ್ಯೆಯನ್ನು ಅಕ್ಷರದಲ್ಲಿ ಬರೆಸಿ, ನೋಡಲ್ ಅಧಿಕಾರಿಯ ಸಹಿ ಹಾಕಿಸಿ. ನಡಾವಳಿಯ ನಕಲು ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಾಲ್ಕು ವಿಷಯ ತುರುಕಿದ ಅರ್ಜಿಗಳು ಈ ಕಾರಣಕ್ಕೇ ಹಿಂದೆ ಬರುತ್ತವೆ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ಚುನಾವಣೆ ಇಲ್ಲದೆ ವರ್ಷಗಳೇ ಕಳೆದವಲ್ಲ, ಇದಕ್ಕೆ ಸಂವಿಧಾನದಲ್ಲಿ ಅವಕಾಶ ಇದೆಯೇ?

ಇಲ್ಲ. 243ಇ ವಿಧಿಯಲ್ಲಿ ಅವಧಿ ಐದು ವರ್ಷ, ಮುಗಿಯುವ ಮುನ್ನವೇ ಚುನಾವಣೆ ಎಂದು ಸ್ಪಷ್ಟವಾಗಿದೆ. ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಎಳೆಯುತ್ತಾ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ ನಿಜ; ಆದರೆ ಕ್ಷೇತ್ರ ಮತ್ತು ಮೀಸಲಾತಿ ಪಟ್ಟಿ ಕೈಗೆ ಬರುವ ತನಕ ಆಯೋಗ ಕೈಕಟ್ಟಿ ಕೂರಬೇಕು. ಅಂಕಿ ಬರೆದರೂ ಅದಕ್ಕೆ ಬೇಕಾದ ಕಾಗದವನ್ನು ಬೇರೆಯವರ ಮೇಜಿನ ಮೇಲಿಟ್ಟರೆ ಆಗುವುದು ಹೀಗೆ.

ಕಾಡಿನ ವಿಷಯ ರಾಜ್ಯದ್ದೋ ಕೇಂದ್ರದ್ದೋ? ಶಾಸಕರನ್ನು ಕೇಳಿದರೆ ದೆಹಲಿ ಕಡೆ ಕೈ ತೋರಿಸುತ್ತಾರೆ.

ಸಂವಿಧಾನ ಸಭೆ ಅರಣ್ಯವನ್ನು ರಾಜ್ಯಪಟ್ಟಿಯಲ್ಲಿ ಇಟ್ಟಿತ್ತು, 19ನೇ ನಮೂದು. ಕಾಡು ಸ್ಥಳೀಯ ಸಂಗತಿ, ಬೆಂಗಳೂರು ನೋಡಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ 1976ರಲ್ಲಿ ಅದನ್ನು ಕೇಂದ್ರ, ರಾಜ್ಯ ಇಬ್ಬರೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಗೆ 17ಎ ನಮೂದಾಗಿ ಒಯ್ದಿತು. ಶಿಕ್ಷಣ ಸಾಗಿದ್ದೂ ಅದೇ ಗಾಡಿಯಲ್ಲಿ. ಸಮವರ್ತಿ ಪಟ್ಟಿಯಲ್ಲಿ ಎರಡು ಕಾಯ್ದೆಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ನಿಲ್ಲುವುದು ಸಂಸತ್ತಿನದ್ದು. ಆ ಬಲದ ಮೇಲೆ ಬಂದದ್ದೇ 1980ರ ಅರಣ್ಯ ಸಂರಕ್ಷಣಾ ಕಾಯ್ದೆ: ಕಾಡನ್ನು ಕಾಡಲ್ಲದ ಬಳಕೆಗೆ ಕೊಡಬೇಕಾದರೆ ಕೇಂದ್ರದ ಪೂರ್ವಾನುಮತಿ ಬೇಕು. 1996ರ ಡಿಸೆಂಬರ್ 12ರ ಗೋದವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ ಇನ್ನೂ ಮುಂದೆ ಹೋಗಿ, ಮಾಲೀಕರು ಯಾರೇ ಇರಲಿ, ದಾಖಲೆಯಲ್ಲಿ ಕಾಡು ಎಂದಿದ್ದರೂ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೂ ಈ ಕಾಯ್ದೆ ಅನ್ವಯ ಎಂದಿತು. ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಆಗದಿದ್ದರೂ ಕಾಡೆಂದೇ ಪರಿಗಣಿಸುವ ಭೂಮಿ) ಎಂಬ ತಲೆನೋವು ಹುಟ್ಟಿದ್ದು ಅಲ್ಲಿಂದ.

ಶರಾವತಿ ಸಂತ್ರಸ್ತರ ಗಂಟು ಬಿಗಿಯಾದದ್ದೂ ಇಲ್ಲಿಯೇ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಾದವರನ್ನು ಆಗ ಒಯ್ದು ಕೂರಿಸಿದ್ದು ಬಹುಪಾಲು ಅರಣ್ಯ ಭೂಮಿಯಲ್ಲಿ, ಕಾಡು ಇನ್ನೂ ರಾಜ್ಯದ ಕೈಯಲ್ಲೇ ಇದ್ದಾಗ. ದಾಖಲೆ ತಿದ್ದುವ ಕೆಲಸ ಅವತ್ತೇ ಮುಗಿದಿದ್ದರೆ ದೆಹಲಿಯ ಹಂಗಿರುತ್ತಿರಲಿಲ್ಲ. ಮುಗಿಯಲಿಲ್ಲ. 1990ರ ದಶಕದಿಂದ ಈಚೆಗೆ ರಾಜ್ಯ ಹೊರಡಿಸಿದ ಡೀನೋಟಿಫಿಕೇಶನ್ ಆದೇಶಗಳು, ಅಂದರೆ ಆ ಭೂಮಿಯನ್ನು ಅರಣ್ಯದಿಂದ ಕೈಬಿಡುವ ಆದೇಶಗಳು, ಕೇಂದ್ರದ ಒಪ್ಪಿಗೆ ಇಲ್ಲದ ಕಾರಣಕ್ಕೆ 2021ರಲ್ಲಿ ರದ್ದಾದವು. ಹಾಗಾಗಿ ಶಾಸಕರ ಕೈ ದೆಹಲಿ ಕಡೆ ಹೋಗುವುದು ಪೂರ್ತಿ ನೆಪವಲ್ಲ, ಅರ್ಧ ನೆಪ. ಪ್ರಸ್ತಾವನೆ ಸಿದ್ಧಪಡಿಸಿ ಕಳಿಸಬೇಕಾದದ್ದು ರಾಜ್ಯವೇ. ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4ರ (ಮೀಸಲು ಅರಣ್ಯ ಮಾಡುವ ಉದ್ದೇಶದ) ಅಧಿಸೂಚನೆ ಆಗಿ ದಶಕಗಳಾದರೂ ಅರಣ್ಯ ವ್ಯವಸ್ಥಾಪನಾಧಿಕಾರಿಯ ವಿಚಾರಣೆ ಮುಗಿಸಿ ಸೆಕ್ಷನ್ 17ರ ಅಂತಿಮ ಅಧಿಸೂಚನೆಗೆ ತರದೆ ಇಟ್ಟುಕೊಂಡಿರುವುದೂ ರಾಜ್ಯವೇ.

ಅರಣ್ಯ ಹಕ್ಕು ಕಾಯ್ದೆ ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ಅರ್ಜಿ ಯಾಕೆ ತಿರಸ್ಕಾರ ಆಗುತ್ತದೆ?

2006ರ ಈ ಕಾಯ್ದೆ ವಿಚಿತ್ರ ತಿರುವು. ದೆಹಲಿಗೆ ಹೋದ ವಿಷಯದಲ್ಲಿ ದೆಹಲಿಯೇ ಕಾಯ್ದೆ ಮಾಡಿ ಮೊದಲ ತೀರ್ಮಾನವನ್ನು ಗ್ರಾಮಸಭೆಗೆ ಕೊಟ್ಟಿತು. ಸಂವಿಧಾನ ಸಭೆಯಲ್ಲಿ ಗ್ರಾಮಕ್ಕಾಗಿ ವಾದಿಸಿದವರೂ ಇಷ್ಟನ್ನು ಬಾಯಿಬಿಟ್ಟು ಕೇಳಿರಲಿಲ್ಲ.

ಕ್ರಮ ಹೀಗಿದೆ. ಗ್ರಾಮಸಭೆ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸುತ್ತದೆ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ವೈಯಕ್ತಿಕ ಹಕ್ಕಿಗೆ ನಮೂನೆ ಎ, ಸಾಮುದಾಯಿಕ ಹಕ್ಕಿಗೆ ನಮೂನೆ ಬಿ. ಸಮಿತಿ ಅರಣ್ಯ ಮತ್ತು ಕಂದಾಯ ಇಲಾಖೆಗೆ ತಿಳಿಸಿ ಸ್ಥಳ ತನಿಖೆ ಮಾಡಿ, ನಕ್ಷೆ ಬರೆದು ಗ್ರಾಮಸಭೆಗೆ ಇಡುತ್ತದೆ. ಸಭೆಯ ಠರಾವು ಉಪವಿಭಾಗಾಧಿಕಾರಿಯ ಸಮಿತಿಗೆ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ ಅಥವಾ ಸಾಗರ. ಅಂತಿಮ ತೀರ್ಮಾನ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಯದ್ದು. ಸಾಗುವಳಿ 2005ರ ಡಿಸೆಂಬರ್ 13ಕ್ಕೂ ಮುಂಚಿನದ್ದಾಗಿರಬೇಕು, ವಿಸ್ತೀರ್ಣ 4 ಹೆಕ್ಟೇರು ಮೀರಬಾರದು.

ಎಡವಟ್ಟುಗಳು ಮುಖ್ಯವಾಗಿ ಮೂರು. ಮೊದಲನೆಯದು 75 ವರ್ಷ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನಿಂದ, ಅಂದರೆ 75 ವರ್ಷದಿಂದ, ಕಾಡಿನಲ್ಲಿ ನೆಲೆಸಿ ಅದನ್ನೇ ನೆಚ್ಚಿಕೊಂಡಿದ್ದಾರೆ ಎಂದು ತೋರಿಸಬೇಕು. ಅದೇ ಸರ್ವೆ ನಂಬರನ್ನು 75 ವರ್ಷ ಸಾಗುವಳಿ ಮಾಡಿರಬೇಕು ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಇವೆರಡನ್ನೂ ಕಲಸಿ ತಿರಸ್ಕರಿಸಿದ ಹಿಂಬರಹ ಬಂದರೆ ಮೇಲ್ಮನವಿಯಲ್ಲಿ ಮೊದಲ ಅಂಶವಾಗಿ ಅದನ್ನೇ ಎತ್ತಿ. ಎರಡನೆಯದು ಸಾಕ್ಷ್ಯ. ನಿಯಮಗಳ ಪ್ರಕಾರ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದೂ ಸಾಕ್ಷ್ಯ, ಇಂಥದೇ ದಾಖಲೆ ಬೇಕು ಎಂದು ಸಮಿತಿ ಹಟ ಹಿಡಿಯುವಂತಿಲ್ಲ. ಆದರೆ ಒಂದೇ ಸಾಕ್ಷ್ಯ ಸಾಲದು, ಎರಡಾದರೂ ಬೇಕು. ಹಳೆಯ ಅರಣ್ಯ ಗುನ್ನೆ ಪ್ರಕರಣದ ದಂಡದ ರಸೀದಿ, ಹಳೆ ಬಾವಿ, ಮನೆ ಪಾಯ, ಸ್ಮಶಾನ ಇವೆಲ್ಲ ನಡೆಯುತ್ತವೆ. ದಂಡ ಕಟ್ಟಿದ ರಸೀದಿಯನ್ನು ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು, ಅದು ನಿಮ್ಮ ಪರವಾದ ಕಾಗದ. ಮೂರನೆಯದು ದಾರಿ ತಪ್ಪುವುದು. ನಮೂನೆ 50, 53, 57 ಬಗರ್ ಹುಕುಂ (ಮಂಜೂರಾಗದ ಸಾಗುವಳಿಯ ಸಕ್ರಮ) ಅರ್ಜಿಗಳು ಕಂದಾಯ ಭೂಮಿಗೆ ಮಾತ್ರ. ಪಹಣಿಯಲ್ಲಿ ಕಾನು, ಸೊಪ್ಪಿನಬೆಟ್ಟ, ಅರಣ್ಯ ಎಂದಿದ್ದರೆ 57ರಲ್ಲಿ ಕಾಯುತ್ತಾ ಕೂತು ಉಪಯೋಗವಿಲ್ಲ.

ಮೇಲ್ಮನವಿಗೆ ಗಡುವು 60 ದಿನ. ಹಿಂಬರಹ ಕೈಗೆ ಬಂದ ತಾರೀಕನ್ನು ಲಕೋಟೆ ಸಮೇತ ಜೋಪಾನ ಮಾಡಿ.

ಕಾಗೋಡು ಸತ್ಯಾಗ್ರಹಕ್ಕೂ ಸಂವಿಧಾನಕ್ಕೂ ಸಂಬಂಧ ಉಂಟಾ?

ಕಾಲ ನೋಡಿ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಎದ್ದ ಹೋರಾಟ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹವಾಯಿತು, ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸರಿಯಾಗಿ ಅದೇ ವಾರಗಳಲ್ಲಿ ದೆಹಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ನಡೆಯುತ್ತಿತ್ತು. ಜಾರಿಗೆ ಬಂದದ್ದು 1951ರ ಜೂನ್ 18. ಮೂಲ ಸಂವಿಧಾನದಲ್ಲಿ ಆಸ್ತಿ ಮೂಲಭೂತ ಹಕ್ಕಾಗಿತ್ತು. ಜಮೀನ್ದಾರರು ಮೂಲಭೂತ ಹಕ್ಕುಗಳನ್ನು ಹಿಡಿದು ಕೋರ್ಟಿಗೆ ಹೋಗಿ, ಸಮಾನತೆಯ 14ನೇ ವಿಧಿಯ ಮೇಲೆ ಬಿಹಾರದ ಭೂಸುಧಾರಣೆ ಕಾಯ್ದೆಯನ್ನು ಬೀಳಿಸಿದ್ದರು. ಆದ್ದರಿಂದ ಇಂಥ ಕಾಯ್ದೆಗಳು ಕೋರ್ಟಿನಲ್ಲಿ ಬೀಳದಂತೆ ಕಾಪಾಡಲು 31ಎ, 31ಬಿ ವಿಧಿಗಳನ್ನೂ ಒಂಬತ್ತನೇ ಅನುಸೂಚಿಯನ್ನೂ ಸೇರಿಸಿದರು. ಅವತ್ತಿನ ಹಂಗಾಮಿ ಸಂಸತ್ತಿನಲ್ಲಿ ಕೂತಿದ್ದವರು ಬಹುಮಟ್ಟಿಗೆ ಸಂವಿಧಾನ ಸಭೆಯವರೇ. ಅಂದರೆ ಬರೆದವರೇ, ಹದಿನೇಳು ತಿಂಗಳೊಳಗೆ, ತಮ್ಮ ಎಣಿಕೆ ತಪ್ಪಿದ್ದನ್ನು ಕಂಡು ತಿದ್ದಿದರು. "ಮೂಲ ಆಶಯ ಮುಟ್ಟಬಾರದು" ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಬಳಿ ಇಲ್ಲ.

ಗೇಣಿದಾರರಿಗೆ ನಿಜವಾಗಿ ಭೂಮಿ ಸಿಕ್ಕಿದ್ದು ಅದಾಗಿ ಎರಡು ದಶಕದ ಮೇಲೆ. 1961ರ ಕರ್ನಾಟಕ ಭೂಸುಧಾರಣೆ ಕಾಯ್ದೆಗೆ ದೇವರಾಜ ಅರಸು ಸರ್ಕಾರದ ತಿದ್ದುಪಡಿ ಬಂದು, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ನಮೂನೆ 7 ಕೊಟ್ಟವರ ಅರ್ಜಿಯನ್ನು ಭೂನ್ಯಾಯಮಂಡಳಿ ವಿಚಾರಣೆ ಮಾಡಿತು. ಆಸ್ತಿ ಹಕ್ಕು 1978ರ 44ನೇ ತಿದ್ದುಪಡಿಯಲ್ಲಿ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದು 300ಎ ವಿಧಿಯಾಗಿ ಉಳಿದಿದೆ.

ಒಬ್ಬ ಸಂಸದ ಎಷ್ಟು ಜನರನ್ನು ಪ್ರತಿನಿಧಿಸಲಿ ಎಂದುಕೊಂಡಿದ್ದರು?

ಮೂಲ 81ನೇ ವಿಧಿಯಲ್ಲಿ ಲೆಕ್ಕ ಇತ್ತು: ಐದು ಲಕ್ಷದಿಂದ ಏಳೂವರೆ ಲಕ್ಷ ಜನಕ್ಕೆ ಒಬ್ಬರು. 1952ರ ಎರಡನೇ ತಿದ್ದುಪಡಿ ಏಳೂವರೆ ಲಕ್ಷದ ಮಿತಿಯನ್ನು ತೆಗೆದುಹಾಕಿತು. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753. ಹಳೆಯ ಲೆಕ್ಕದಲ್ಲಿ ಜಿಲ್ಲೆಗೇ ಇಬ್ಬರಿಗಿಂತ ಹೆಚ್ಚು ಸಂಸದರು ಬೇಕಿತ್ತು. ಈಗ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳ ಜೊತೆ ಘಟ್ಟದ ಕೆಳಗಿನ ಬೈಂದೂರನ್ನೂ ಸೇರಿಸಿ ಒಬ್ಬರೇ. ರಾಜ್ಯವಾರು ಸ್ಥಾನಗಳ ಸಂಖ್ಯೆಯನ್ನು 1976ರಲ್ಲಿ ಕಟ್ಟಿಹಾಕಿ, ಆಮೇಲೆ 2026ರ ನಂತರದ ಮೊದಲ ಜನಗಣತಿಯವರೆಗೆ ಎಂದು ಮುಂದೂಡಿದ್ದಾರೆ.

ಸದನಗಳು ಕೂರುವ ದಿನ ಕಡಿಮೆಯಾಗಿದೆ ಎನ್ನುತ್ತಾರೆ, ನಿಜವೇ?

ನಿಜ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಬೇಡ ಎಂಬುದಷ್ಟೇ ನಿಯಮ. ಇದು ಸಾಲದು ಎಂದು ಸಂವಿಧಾನ ಸಭೆಯ ಸದಸ್ಯ ಕೆ.ಟಿ. ಶಾ ತಕರಾರು ತೆಗೆದಾಗ, 1949ರ ಮೇ 18ರಂದು ಅಂಬೇಡ್ಕರ್ ಕೊಟ್ಟ ಉತ್ತರ ಈಗ ಓದಿದರೆ ನಗು ಬರುತ್ತದೆ: ಅಧಿವೇಶನಗಳು ಎಷ್ಟು ಸಲ, ಎಷ್ಟು ಉದ್ದ ನಡೆಯುತ್ತವೆಂದರೆ ಸದಸ್ಯರೇ ಸುಸ್ತಾಗಿಬಿಡಬಹುದು ಎಂಬುದು ಅವರ ಅಂಜಿಕೆಯಾಗಿತ್ತು. ಮೊದಲ ಲೋಕಸಭೆ ಐದು ವರ್ಷದಲ್ಲಿ 677 ದಿನ ಕೂತಿತು. 2019ರಿಂದ 2024ರ ಹದಿನೇಳನೇ ಲೋಕಸಭೆ ಕೂತದ್ದು 274 ದಿನ. ಕರ್ನಾಟಕ 2005ರಲ್ಲಿ ವರ್ಷಕ್ಕೆ ಕನಿಷ್ಠ 60 ದಿನ ಎಂದು ತಾನೇ ಕಾಯ್ದೆ ಮಾಡಿಕೊಂಡಿದೆ, ಬಹುತೇಕ ವರ್ಷ ಆ ಗೆರೆ ಮುಟ್ಟಿಲ್ಲ. ಮುಟ್ಟದಿದ್ದರೆ ಏನು ಎಂದು ಕಾಯ್ದೆಯಲ್ಲಿ ಇಲ್ಲದಿರುವುದೇ ಕಾರಣ.

ರಾಜ್ಯಪಾಲರ ಹುದ್ದೆಯನ್ನು ಮಸೂದೆ ತಡೆಯಲು, ಸರ್ಕಾರ ಬೀಳಿಸಲು ಎಂದೇ ಮಾಡಿದ್ದಾ?

ಮೊದಲ ಯೋಚನೆಯಲ್ಲಿ ರಾಜ್ಯಪಾಲರನ್ನು ಜನರೇ ಆರಿಸಬೇಕಿತ್ತು. ಆರಿಸಿಬಂದ ಮುಖ್ಯಮಂತ್ರಿಯ ಎದುರು ಆರಿಸಿಬಂದ ಇನ್ನೊಬ್ಬರು ನಿಂತರೆ ದಿನಾ ಜಗಳ ಎಂದು 1949ರ ಮೇ ಕೊನೆಯಲ್ಲಿ ನೇಮಕಕ್ಕೆ ಬದಲಾಯಿಸಿದರು. ಜಗಳ ತಪ್ಪಲಿಲ್ಲ. ಮಸೂದೆಯನ್ನು ಹಿಂದಕ್ಕೆ ಕಳಿಸುವುದಾದರೆ "ಆದಷ್ಟು ಬೇಗ" ಕಳಿಸಬೇಕು ಎಂದು 200ನೇ ವಿಧಿ ಹೇಳುತ್ತದೆಯೇ ಹೊರತು ದಿನ ಹೇಳುವುದಿಲ್ಲ. ತಮಿಳುನಾಡು ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಗಡುವು ಹಾಕಿತು. ಅದೇ ನವೆಂಬರ್‌ನಲ್ಲಿ ಸಂವಿಧಾನ ಪೀಠ, ಕೋರ್ಟು ಹಾಗೆ ಗಡುವು ಹಾಕಲಾಗದು, ಆದರೆ ಕಾರಣವಿಲ್ಲದ ದೀರ್ಘ ವಿಳಂಬವನ್ನು ಪ್ರಶ್ನಿಸಬಹುದು ಎಂದು ಅಭಿಪ್ರಾಯ ಕೊಟ್ಟಿತು.

ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಕತೆಯೂ ಇಂಥದೇ. ಇದು ಬಳಕೆಗೇ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಎಂದು ಅಂಬೇಡ್ಕರ್ 1949ರ ಆಗಸ್ಟ್ 4ರಂದು ಹಾರೈಸಿದ್ದರು. ಆಮೇಲೆ ಅದು ನೂರಕ್ಕೂ ಹೆಚ್ಚು ಸಲ ಬಳಕೆಯಾಯಿತು. ಅದಕ್ಕೆ ಲಗಾಮು ಬಿದ್ದದ್ದು ನಮ್ಮ ರಾಜ್ಯದ ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದರು ಎಂಬ ಪತ್ರಗಳು ರಾಜಭವನ ಸೇರಿದವು. ಅವರಲ್ಲಿ ಏಳು ಮಂದಿ ಕೂಡಲೇ ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದರು. ಸದನದಲ್ಲಿ ಎಣಿಸೋಣ ಎಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿದರೂ ಅವಕಾಶ ಸಿಗದೆ ಏಪ್ರಿಲ್ 21ಕ್ಕೆ ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದಿತು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸು ಬರಲಿಲ್ಲ. ಅವರ ನಂತರದವರಿಗೆಲ್ಲ ಉಪಯೋಗವಾಯಿತು.

ಪಕ್ಷಾಂತರವನ್ನು ಅವರು ಯೋಚಿಸಿಯೇ ಇರಲಿಲ್ಲವೇ?

ಶಾಸಕ ತನ್ನ ಬುದ್ಧಿಯಿಂದ ಮತ ಹಾಕುತ್ತಾನೆ ಎಂಬ ಎಣಿಕೆಯಲ್ಲಿ ಬರೆದರು. 1985ರ ಹತ್ತನೇ ಅನುಸೂಚಿ ಆ ಎಣಿಕೆಯನ್ನು ತಲೆಕೆಳಗು ಮಾಡಿ ವಿಪ್ (ಪಕ್ಷದ ಆದೇಶ) ಮೀರಿದರೆ ಸ್ಥಾನ ಹೋಗುತ್ತದೆ ಎಂದಿತು. 2003ರ ತಿದ್ದುಪಡಿ, ಮೂರನೇ ಒಂದು ಭಾಗ ಒಡೆದು ಹೋಗುವ ದಾರಿ ಮುಚ್ಚಿ, ಮಂತ್ರಿಗಳ ಸಂಖ್ಯೆಯನ್ನು ಸದನದ ಶೇ 15ಕ್ಕೆ ಇಳಿಸಿತು. ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34. ಜನ ಹೊಸ ಕಿಂಡಿ ಕಂಡುಕೊಂಡರು: ರಾಜೀನಾಮೆ ಕೊಟ್ಟು ಉಪಚುನಾವಣೆಗೆ ನಿಲ್ಲುವುದು. 2019ರಲ್ಲಿ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಬಹುದು ಎಂದಿತು. ನಿಂತವರಲ್ಲಿ ಬಹುತೇಕರು ಗೆದ್ದು ಬಂದರು. ಕಾನೂನಿನ ತಪ್ಪೋ ಮತದಾರರ ತಪ್ಪೋ ಎಂಬುದನ್ನು ನಾವು ಇಲ್ಲಿ ತೀರ್ಮಾನಿಸುವುದಿಲ್ಲ.

ಅಡಿಕೆಗೆ ತೊಂದರೆಯಾದರೆ ಯಾರನ್ನು ಕೇಳಬೇಕು?

ತೊಂದರೆ ಯಾವುದು ಎಂಬುದರ ಮೇಲೆ. ಬೆಳೆ, ರೋಗ, ಎಪಿಎಂಸಿ ರಾಜ್ಯಪಟ್ಟಿಯ ವಿಷಯಗಳು. ಹೊರದೇಶದ ಅಡಿಕೆ ಆಮದು, ಅದರ ಕನಿಷ್ಠ ಬೆಲೆ ಕೇಂದ್ರದ್ದು. ತೆರಿಗೆ ಮಾತ್ರ ಈಗ ಪೂರ್ತಿ ಇಬ್ಬರದೂ ಅಲ್ಲ. ಮಾರಾಟ ತೆರಿಗೆಯನ್ನು ಸಂವಿಧಾನ ಸಭೆ ರಾಜ್ಯಗಳ ಸ್ವಂತ ಆದಾಯವಾಗಿ ಇಟ್ಟಿತ್ತು. 2016ರ 101ನೇ ತಿದ್ದುಪಡಿಯ ಮೇಲೆ 2017ರ ಜುಲೈ 1ರಿಂದ ದರ ಶಿಫಾರಸು ಮಾಡುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳಿಗೆಲ್ಲ ಸೇರಿ ಮೂರನೇ ಎರಡು, ನಿರ್ಣಯಕ್ಕೆ ನಾಲ್ಕನೇ ಮೂರು ಬೇಕು. ಕೇಂದ್ರ ಒಪ್ಪದೆ ಯಾವುದೂ ಆಗದು ಎಂಬುದು ಈ ಲೆಕ್ಕದಲ್ಲೇ ಅಡಗಿದೆ. ಒಣ ಅಡಿಕೆಯ ಶೇ 5 ಬದಲಾಗಬೇಕಾದರೆ ವಿಧಾನಸೌಧದ ಮುಂದೆ ಕೂತರೆ ಸಾಲದು, ಮಂಡಳಿಯಲ್ಲಿ ಕೂರುವ ರಾಜ್ಯದ ಸಚಿವರಿಗೆ ಮನವಿ ಕೊಡಬೇಕು.

ಮೀಸಲಾತಿ ಹತ್ತೇ ವರ್ಷಕ್ಕೆ ಎಂದು ಬರೆದಿದ್ದರಂತೆ?

ಹತ್ತು ವರ್ಷ ಎಂದದ್ದು ಲೋಕಸಭೆ, ವಿಧಾನಸಭೆ ಸ್ಥಾನಗಳಿಗೆ, 334ನೇ ವಿಧಿಯಲ್ಲಿ. ಅದನ್ನು ಹತ್ತತ್ತು ವರ್ಷ ಮುಂದುವರಿಸಿ ಈಗ 2030ಕ್ಕೆ ತಂದಿದ್ದಾರೆ. ಉದ್ಯೋಗದ ಮೀಸಲಾತಿಗೆ ಮೂಲದಲ್ಲೂ ಗಡುವು ಇರಲಿಲ್ಲ. ಗಡುವು ಮೀರಿದ್ದಕ್ಕೆ ಉದಾಹರಣೆ ಬೇಕಾದರೆ ಮೂಲ 45ನೇ ವಿಧಿ ಇದೆ: 14 ವರ್ಷದವರೆಗಿನ ಮಕ್ಕಳಿಗೆಲ್ಲ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1. ಅದರ ಬಗ್ಗೆ ಯಾರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಿಲ್ಲ.

ನೂರಕ್ಕೂ ಮಿಕ್ಕಿ ತಿದ್ದುಪಡಿ ಆದಮೇಲೆ ಇದು ಅದೇ ಸಂವಿಧಾನವಾ?

2023ರವರೆಗೆ 106. ಎಷ್ಟು ತಿದ್ದಬಹುದು ಎಂಬ ಗಡಿ ಬಿದ್ದದ್ದು 1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ, 7–6ರ ಬಹುಮತದಿಂದ. ಮೂಲ ಸ್ವರೂಪ ಕೆಡಿಸದೆ ಎಲ್ಲವನ್ನೂ ತಿದ್ದಬಹುದು ಎಂಬುದು ಅದರ ಸಾರ. ಮೂಲ ಸ್ವರೂಪ ಎಂಬ ಮಾತು ಸಂವಿಧಾನದ ಪಠ್ಯದಲ್ಲಿ ಇಲ್ಲ, ನ್ಯಾಯಾಲಯ ಓದಿಕೊಂಡದ್ದು.

"ಅಂಬೇಡ್ಕರ್ ಹೀಗೆಂದಿದ್ದರು" ಎಂಬ ಮೆಸೇಜ್ ಬಂದರೆ ನಿಜವೋ ಸುಳ್ಳೋ ನೋಡುವುದು ಹೇಗೆ?

ಸಂವಿಧಾನ ಸಭೆಯ ಚರ್ಚೆಗಳು 12 ಸಂಪುಟಗಳಲ್ಲಿ ಅಚ್ಚಾಗಿವೆ, ಅಂತರ್ಜಾಲದಲ್ಲೂ ಉಚಿತವಾಗಿ ಸಿಗುತ್ತವೆ. ಮೊದಲು ದಿನಾಂಕ ಹುಡುಕಿ. ದಿನಾಂಕವೇ ಇಲ್ಲದ ಮೆಸೇಜನ್ನು ಅಲ್ಲಿಗೇ ಬಿಡಿ. ಆಮೇಲೆ ವಿಧಿ ಸಂಖ್ಯೆ. ಜನ ಹೆಚ್ಚು ಸೋಲುವುದು ಇಲ್ಲಿ. 1948ರ ಕರಡಿನಲ್ಲಿ ಇದ್ದದ್ದು 315 ವಿಧಿ, ಅಂತಿಮ ಪಠ್ಯದಲ್ಲಿ 395, ಹಾಗಾಗಿ ನಂಬರುಗಳು ಹೊಂದುವುದಿಲ್ಲ. ಈಗಿನ 40 ಕರಡಿಗೆ ಸೇರಿಸಿದಾಗ 31ಎ. ಈಗಿನ 356 ಅಲ್ಲಿ 278. ಚುನಾವಣಾ ಆಯೋಗದ 324 ಅಲ್ಲಿ 289. ಚರ್ಚೆಯಲ್ಲಿ 356 ಎಂದು ಹುಡುಕಿದರೆ ಬೇರೆಯೇ ಏನೋ ಸಿಗುತ್ತದೆ.

ಮೂರನೆಯದಾಗಿ, ಮಾತು ಯಾವ ಸದನದ್ದು ಎಂದು ನೋಡಿ. ಸಂವಿಧಾನವನ್ನು ಸುಡಲು ನಾನೇ ಮೊದಲಿಗ ಎಂದು ಅಂಬೇಡ್ಕರ್ ಹೇಳಿದ್ದು ಸುಳ್ಳಲ್ಲ. ಆದರೆ ಅದು 1953ರ ಸೆಪ್ಟೆಂಬರ್ 2ರಂದು ರಾಜ್ಯಸಭೆಯಲ್ಲಿ, ಆಂಧ್ರ ರಾಜ್ಯ ರಚನೆಯ ಮಸೂದೆಯ ಚರ್ಚೆಯಲ್ಲಿ ಬಂದ ಮಾತು. 1955ರ ಮಾರ್ಚ್‌ನಲ್ಲಿ ಅದೇ ಸದನದಲ್ಲಿ ಇದನ್ನು ಕೆಣಕಿದಾಗ, ದೇವರಿಗೆಂದು ಗುಡಿ ಕಟ್ಟಿದೆವು, ದೇವರು ಬರುವ ಮೊದಲೇ ದೆವ್ವ ಸೇರಿಕೊಂಡಿತು ಎಂದು ಕಾರಣ ಕೊಟ್ಟರು. ಮೊದಲ ವಾಕ್ಯವನ್ನಷ್ಟೇ ಕಳಿಸುವವರು ಒಂದು ಕಡೆ, ಎರಡನೆಯದನ್ನಷ್ಟೇ ಕಳಿಸುವವರು ಇನ್ನೊಂದು ಕಡೆ.

ಕೊನೆಗೆ, ಆ ಮಾತಿನ ಮೇಲೆ ಮತ ಆಯಿತೇ ನೋಡಿ. ಕೆ.ಟಿ. ಶಾ ಅವರ ಎಷ್ಟೋ ತಿದ್ದುಪಡಿಗಳು ಓದಲು ಸೊಗಸಾಗಿವೆ, ಬಹುಪಾಲು ಬಿದ್ದುಹೋದವು. 1948ರ ನವೆಂಬರ್ 15ರಂದು "ಜಾತ್ಯತೀತ", "ಸಮಾಜವಾದಿ" ಪದಗಳನ್ನು ಸೇರಿಸಿ ಎಂದು ತಂದದ್ದೂ ಸೇರಿ. ಚರ್ಚೆಯ ಕೊನೆಗೆ ತಿದ್ದುಪಡಿ ಅಂಗೀಕಾರವಾಯಿತೋ ತಿರಸ್ಕಾರವಾಯಿತೋ ಎಂದು ಒಂದು ಸಾಲಿನಲ್ಲಿ ನಮೂದಾಗಿರುತ್ತದೆ. ಅಲ್ಲಿಯವರೆಗೆ ಓದಿ ಆಮೇಲೆ ಫಾರ್ವರ್ಡ್ ಮಾಡಿ.